ಕಳೆದುಕೊಂಡರೂ ಪ್ಲಸ್ ಹೇಗೆ? ಅಯಾನುಗಳ ಲೆಕ್ಕ ಹಾಕುವ ಸುಲಭ ದಾರಿ

"ಪಪ್ಪಾ, ಸೋಡಿಯಂ ಎಲೆಕ್ಟ್ರಾನ್ ಕಳಕೊಂಡ್ರ ಮೈನಸ್ ಆಗಬೇಕಲ್ಲ, ಪ್ಲಸ್ ಹ್ಯಾಂಗ ಆತು?" ಅಂತ ಹತ್ತನೇ ತರಗತಿಯ ಮಗಳು ಕೇಳಿದಳು. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣುವೇ (ಇಲ್ಲವೇ ಪರಮಾಣುಗಳ ಗುಂಪೇ) ಅಯಾನು. ಮಗಳ ಪ್ರಶ್ನೆಗೆ ಉತ್ತರ ಅದರ ಕನ್ನಡ ಹೆಸರುಗಳಲ್ಲೇ ಇದೆ: ಪ್ಲಸ್ ಆದರೆ ಧನ ಅಯಾನು, ಮೈನಸ್ ಆದರೆ ಋಣ ಅಯಾನು. ಋಣ ಅಂದರೆ ಸಾಲ ಅಲ್ವಾ?

ಮೊದಲು ಲೆಕ್ಕ. ಪ್ರೋಟಾನ್ ಅಂದರೆ ಕೈಯಲ್ಲಿರುವ ಒಂದು ರೂಪಾಯಿ, ಎಲೆಕ್ಟ್ರಾನ್ ಅಂದರೆ ಒಂದು ರೂಪಾಯಿ ಸಾಲ ಅಂದುಕೊಳ್ಳಿ. ಸೋಡಿಯಂ ಹತ್ತಿರ ಎರಡೂ 11, ಹಾಗಾಗಿ ಸರಿಸಮ. ಒಂದು ಎಲೆಕ್ಟ್ರಾನ್ ಹೋದರೆ ಕೈಯಲ್ಲಿ 11, ಸಾಲ 10. ಅದು ಪ್ಲಸ್ 1. ಆ ಸಾಲ ಕ್ಲೋರಿನ್ ತಲೆಗೆ ಬಂತು. ಅದರ ಪ್ರೋಟಾನ್ 17, ಎಲೆಕ್ಟ್ರಾನ್ ಈಗ 18, ಅಂದರೆ ಮೈನಸ್ 1. ಪ್ರೋಟಾನ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಇವೆರಡೂ ಅಂಟಿಕೊಂಡರೆ ಅಡುಗೆ ಉಪ್ಪು.

ಇನ್ನು ಕಣ್ಣಾರೆ ನೋಡಿ. ಗೊಬ್ಬರದ ಅಂಗಡಿಯಿಂದ ಸ್ವಲ್ಪ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ತನ್ನಿ. ಇದು ವಿಷ, ದೊಡ್ಡವರು ಜೊತೆಗಿರಲಿ, ಅಡುಗೆ ಪಾತ್ರೆ ಬೇಡ, ಕೈಗೆ ಗ್ಲೌಸ್ ಹಾಕಿ. ಹಳೆಯ ಗಾಜಿನ ಲೋಟದಲ್ಲಿ ಅರ್ಧ ಚಮಚ ಕರಗಿಸಿ. ಕಲಬುರಗಿಯ ನಮ್ಮ ಬೋರ್ ನೀರು ಗಡಸು, ಹಾಕಿದರೆ ಮಸುಕಾಗುತ್ತದೆ, ಫಿಲ್ಟರ್ ನೀರೇ ಒಳ್ಳೆಯದು.

ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ವೈರಿನಿಂದ ಜೋಡಿಸಿ. ಪ್ಲಸ್ಸಿಗೆ ತಾಮ್ರದ ತಂತಿ. ಟಾರ್ಚಿನ ಎರಡು ಸೆಲ್ ಸಾಕು. ಪೆನ್ಸಿಲ್ ಮತ್ತು ತಂತಿ ಒಂದಕ್ಕೊಂದು ತಾಗದಂತೆ ನೀಲಿ ನೀರಿಗೆ ಇಳಿಸಿ, ಸ್ವಲ್ಪ ಹೊತ್ತು ಕಾಯಿರಿ. ಕಪ್ಪು ಸೀಸದ ಮೊನೆ ಮೊದಲು ಕಂದಾಗುತ್ತದೆ, ಆಮೇಲೆ ಹೊಸ ತಾಮ್ರದ ಕೆಂಪು ಬಣ್ಣ ಬರುತ್ತದೆ. ನೀರಿನಲ್ಲಿದ್ದ ತಾಮ್ರದ ಧನ ಅಯಾನು ಮೈನಸ್ ಕಡೆ ಸರಿದು, ಎರಡು ಎಲೆಕ್ಟ್ರಾನ್ ಪಡೆದು ಮತ್ತೆ ಲೋಹವಾಯಿತು. ಸಲ್ಫೇಟ್ ಅನ್ನುವ ಋಣ ಅಯಾನು ಪ್ಲಸ್ ಕಡೆ ಹೊರಳುತ್ತದೆ. ಅಲ್ಲಿ ತಂತಿಯ ತಾಮ್ರ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ಅದಕ್ಕೇ ನೀರಿನ ನೀಲಿ ಹಾಗೇ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾಗುವ ಪ್ರಯೋಗ ಇದು. ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಆ ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ.

ಗಾತ್ರದ ಪ್ರಶ್ನೆಯೂ ಪರೀಕ್ಷೆಯಲ್ಲಿ ಬರುತ್ತದೆ. ಹೊರಗಿನ ಎಲೆಕ್ಟ್ರಾನ್ ಹೋಗುವುದರಿಂದ ಧನ ಅಯಾನು ತನ್ನ ಪರಮಾಣುವಿಗಿಂತ ಚಿಕ್ಕದು, ಋಣ ಅಯಾನು ದೊಡ್ಡದು.

ಒಂದು ಮಾತು. ಧನ ಅಯಾನು ಅಂದರೆ ಲೋಹವೇ ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ. ಬೀದರಿನ ಬಿದ್ರಿ ಕೆಲಸದವರು ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಪಾತ್ರೆಯನ್ನು ಕಪ್ಪು ಮಾಡುತ್ತಾರೆ, ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ನವಸಾಗರದಲ್ಲಿರುವ ಅಮೋನಿಯಂ ಧನ ಅಯಾನು, ಆದರೆ ಅದರಲ್ಲಿ ಲೋಹವೇ ಇಲ್ಲ, ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಅಷ್ಟೇ. ಪ್ರೋಟಾನ್ ಎಣಿಸಿ: 7 ಮತ್ತು 4, ಒಟ್ಟು 11. ಎಲೆಕ್ಟ್ರಾನ್ 10. ಥೇಟ್ ಸೋಡಿಯಂ ಅಯಾನಿನ ಲೆಕ್ಕವೇ.