ಬ್ರೇಕ್ ಇಲ್ಲದ ಬೈಕು, ಕೈಯಲ್ಲೊಂದು ಪೆನ್ನು

ಸ್ಪೀಡ್‌ವೇ ಎಂಬ ಬೈಕ್ ರೇಸಿನ ಪಂದ್ಯಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು, ಎರಡು ಪೆನ್ನು ಇಟ್ಟುಕೊಳ್ಳಿ ಎಂದು. ಮ್ಯಾಂಚೆಸ್ಟರಿನ ತೇವಕ್ಕೆ ಒಂದು ಕೈಕೊಡುವುದು ಖಂಡಿತ. ಬಾಗಿಲಲ್ಲಿ ಕೊಳ್ಳುವ ಪ್ರೋಗ್ರಾಂ ಪುಸ್ತಿಕೆಯೊಳಗೆ ಹದಿನೈದು ಹೀಟ್‌ಗಳ, ಅಂದರೆ ಪುಟ್ಟ ರೇಸ್‌ಗಳ, ಕೋಷ್ಟಕ ಖಾಲಿಯಾಗಿ ಅಚ್ಚಾಗಿರುತ್ತದೆ. ಅದನ್ನು ತುಂಬುವುದು ಪ್ರೇಕ್ಷಕನ ಕೆಲಸ. ಧ್ವನಿವರ್ಧಕದಲ್ಲಿ ಫಲಿತಾಂಶ ಹೇಳುತ್ತಾರೆ, ಮೊಬೈಲಿನಲ್ಲೂ ಬರುತ್ತದೆ. ಆದರೂ ಒಂದು ರೇಸ್ ಮುಗಿಯುತ್ತಲೇ ಸುತ್ತಲಿನ ತಲೆಗಳೆಲ್ಲ ಒಟ್ಟಿಗೆ ಬಗ್ಗುತ್ತವೆ. ತಾತಂದಿರು, ಶಾಲೆಯ ಮಕ್ಕಳು, ಕೈಗವಸಿನ ಬೆರಳು ಕತ್ತರಿಸಿಕೊಂಡು ಬಂದ ಹೆಂಗಸರು, ಎಲ್ಲರೂ ಬರೆಯುತ್ತಾರೆ. ಬರೆಯದೆ ನೋಡಿದರೆ ಸ್ಪೀಡ್‌ವೇ ಬರಿಯ ಸದ್ದು, ಬರಿಯ ಧೂಳು.

ಆಟ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಅಂಡಾಕಾರದ ಟ್ರ್ಯಾಕ್, ಅದರ ಮೇಲೆ ಪುಡಿಗಲ್ಲಿನ ಸಡಿಲ ಹಾಸು. ನಾಲ್ವರು ರೈಡರ್‌ಗಳು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದ ಓಟ. 500 ಸಿಸಿ ಎಂಜಿನ್, ಒಂದೇ ಗೇರ್, ಇಂಧನ ಮೆಥನಾಲ್, ಬ್ರೇಕ್ ಇಲ್ಲವೇ ಇಲ್ಲ. ತಿರುವು ಬಂದಾಗ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ತಳ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಮುಂದಿನ ಚಕ್ರ ಬಲಕ್ಕೆ ತಿರುಗಿರುವಾಗಲೇ ಬೈಕನ್ನು ಎಡಕ್ಕೆ ಹೊರಳಿಸಬೇಕು. ಊರಿಗೆ ಹೋದಾಗ ಯಾರಾದರೂ ಕೇಳಿದರೆ ಕಂಬಳದ ಹಾಗೆ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಅದು ಅಪ್ಪಟ ಸುಳ್ಳು. ಕಂಬಳದ ಕೋಣಗಳು ನೇರಕ್ಕೆ ಓಡುತ್ತವೆ, ಇಲ್ಲಿ ಇರುವ ಆಟವೆಲ್ಲ ತಿರುವಿನಲ್ಲೇ.

ಬ್ರಿಟನ್ನಿನಲ್ಲಿ ಇದು ಕಾಲೂರಿದ ದಿನವೆಂದು ಎಲ್ಲರೂ ನೆನೆಯುವುದು 1928ರ ಫೆಬ್ರವರಿ 19. ಲಂಡನ್ನಿನ ಅಂಚಿನ ಎಪ್ಪಿಂಗ್ ಕಾಡಿನಲ್ಲಿ, ಹೈ ಬೀಚ್ ಎಂಬಲ್ಲಿ, ಒಂದು ಪಬ್ಬಿನ ಹಿತ್ತಲಲ್ಲಿ ನಡೆದ ರೇಸ್ ಅದು. ಅದೇ ವರ್ಷ ಮ್ಯಾಂಚೆಸ್ಟರಿನ ಬೆಲ್ ವ್ಯೂಗೂ ಬೈಕುಗಳು ಬಂದವು. ನಾನು ಕೆಲಸಕ್ಕೆಂದು ಈ ಊರಿಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಫುಟ್‌ಬಾಲ್‌ನಲ್ಲಿ ಕೆಂಪು ಪಕ್ಷವೋ, ನೀಲಿ ಪಕ್ಷವೋ? ಎರಡೂ ಅಲ್ಲದೆ ಬೆಲ್ ವ್ಯೂ ಏಸಸ್ ಎಂಬ ಸ್ಪೀಡ್‌ವೇ ತಂಡದ ಪಕ್ಷ ಸೇರಿದೆ. ಕಚೇರಿಯ ಹಿರಿಯರೊಬ್ಬರು ಸೋಮವಾರ ಸಂಜೆ ಗಾರ್ಟನ್‌ನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದರು. 2016ರಿಂದ ತಂಡದ ಮನೆ ಅದೇ. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದ ವಾಸನೆ ಎಲ್ಲೋ ಪರಿಚಿತ ಎನಿಸಿತು. ವಿಚಾರಿಸಿದರೆ ರೇಸಿಂಗ್ ಎಂಜಿನ್ನಿಗೆ ಹಾಕುವ ಹರಳೆಣ್ಣೆ ಮೂಲದ ಆಯಿಲ್! ಚಿಕ್ಕಂದಿನಲ್ಲಿ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಇಲ್ಲಿ ಸುಟ್ಟು ಹೊಗೆಯಾಗುತ್ತಿತ್ತು.

ಇನ್ನು ಬರೆಯುವ ಬಗೆ. ಪ್ರತಿ ಹೀಟ್‌ನಲ್ಲಿ ಎರಡೂ ತಂಡಗಳಿಂದ ಇಬ್ಬಿಬ್ಬರು. ಮನೆಯಂಗಳದ ತಂಡಕ್ಕೆ ಕೆಂಪು, ನೀಲಿ ಹೆಲ್ಮೆಟ್. ಅತಿಥಿಗಳಿಗೆ ಬಿಳಿ, ಹಳದಿ. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ನಮ್ಮವರಿಬ್ಬರೇ ಮೊದಲೆರಡು ಸ್ಥಾನ ಹಿಡಿದರೆ 5-1, ಆಗ ಸ್ಟೇಡಿಯಂ ಎದ್ದು ನಿಲ್ಲುತ್ತದೆ. ಜೊತೆಗಾರನ ಬೆನ್ನಿಗೇ, ಎದುರಾಳಿಯನ್ನು ಹಿಂದಿಟ್ಟು ಮುಗಿಸಿದವನ ಅಂಕದ ಪಕ್ಕ ಒಂದು ಚಿಕ್ಕ ಗೀಟು ಹಾಕಬೇಕು. ಅದು ಬೋನಸ್. ತಂಡದ ಮೊತ್ತಕ್ಕೆ ಅದು ಸೇರುವುದಿಲ್ಲ, ರೈಡರ್‌ನ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ತನ್ನವನನ್ನೇ ಹಿಂದಿಕ್ಕುವ ಚಪಲ ಯಾರಿಗೂ ಹುಟ್ಟದಿರಲಿ ಎಂದು ಮಾಡಿದ ಏರ್ಪಾಡಿದು. ಈ ಗೀಟನ್ನು ಸರಿಯಾಗಿ ಹಾಕಲು ಕಲಿತ ಮೇಲೆಯೇ ನನ್ನ ಕಣ್ಣು ಮುಂದೆ ಓಡುವವನನ್ನು ಬಿಟ್ಟು ಎರಡನೆಯವನ ಮೇಲೆ ನೆಟ್ಟಿತು. ಒಳ್ಳೆಯ ಜೋಡಿಯಲ್ಲಿ ಎರಡನೆಯವನು ಟ್ರ್ಯಾಕಿನ ನಡುವೆ ನಿಂತು ಹಿಂದಿನಿಂದ ಬರುವವನಿಗೆ ಒಳದಾರಿಯನ್ನೂ ಕೊಡುವುದಿಲ್ಲ, ಹೊರದಾರಿಯನ್ನೂ ಕೊಡುವುದಿಲ್ಲ. ಆಗಾಗ ಹೆಗಲ ಮೇಲಿಂದ ಒಂದು ಕ್ಷಣ ತಿರುಗಿ ನೋಡುತ್ತಾನೆ. ಬ್ರೇಕಿಲ್ಲದ ಬೈಕಿನ ಮೇಲೆ ಕೂತು ಹಿಂದೆ ತಿರುಗಿ ನೋಡುವವನ ಗುಂಡಿಗೆಯನ್ನು ಮೆಚ್ಚಲೇಬೇಕು.

ಹೀಟ್ ಒಂದಕ್ಕೆ ಆರು ಅಂಕದಂತೆ ಪಂದ್ಯಕ್ಕೆ ಒಟ್ಟು 90, ಗೆಲ್ಲಲು 46 ಸಾಕು. ಹತ್ತನೆಯ ಹೀಟ್ ಮುಗಿದಾಗ ಎರಡೂ ತಂಡಗಳ ಅಂಕ ಕೂಡಿದರೆ 60 ಬರಬೇಕು. 59 ಬಂದರೆ ಯಾವುದೋ ಹೀಟ್‌ನಲ್ಲಿ ಇಬ್ಬರೇ ಗುರಿ ಮುಟ್ಟಿದ್ದಾರೆ ಎಂದರ್ಥ. ಅದೂ ಇಲ್ಲವಾದರೆ ಪಕ್ಕದವರ ಪುಸ್ತಿಕೆಗೆ ಕಣ್ಣು ಹಾಯಿಸಬೇಕು. ಈ ನೆಪದಲ್ಲಿ ನನಗೆ ಆದಷ್ಟು ಪರಿಚಯ ಈ ಊರಿನಲ್ಲಿ ಬೇರೆ ಯಾವುದರಿಂದಲೂ ಆಗಿಲ್ಲ.

ಅಚ್ಚಾದ ಕೋಷ್ಟಕದಲ್ಲಿ ಇಲ್ಲದ ಒಂದು ಸಂಗತಿಯನ್ನೂ ನಾನು ಅಂಚಿನಲ್ಲಿ ಗುರುತು ಮಾಡುತ್ತೇನೆ. ಗೆದ್ದವನು ಹೊರಟದ್ದು ಯಾವ ಗೇಟಿನಿಂದ, ಅಂದರೆ ಆರಂಭದ ಗೆರೆಯ ಯಾವ ಜಾಗದಿಂದ, ಎಂಬುದು ಅದು. ಒಳಗಿನದು ಒಂದನೆಯ ಗೇಟ್, ಬೇಲಿಯ ಕಡೆಯದು ನಾಲ್ಕನೆಯದು. ಬೈಕುಗಳ ಮುಂದೆ ಅಡ್ಡ ಕಟ್ಟಿದ ಟೇಪ್ ಮೇಲಕ್ಕೆ ಹಾರಿದ ಕ್ಷಣದಿಂದ ಮೊದಲ ತಿರುವಿನವರೆಗಿನ ಒಂದೆರಡು ಸೆಕೆಂಡಿನಲ್ಲೇ ಅನೇಕ ರೇಸ್‌ಗಳ ಹಣೆಬರಹ ತೀರ್ಮಾನವಾಗುತ್ತದೆ. ಅದಕ್ಕೇ ರೈಡರ್‌ಗಳು ಹೊರಡುವ ಮುನ್ನ ಗೇಟಿನ ಮಣ್ಣನ್ನು ಕಾಲಲ್ಲಿ ಕೆದಕಿ, ಒತ್ತಿ, ಚಕ್ರಕ್ಕೆ ಹಿಡಿತ ಸಿಗುವ ಜಾಗ ಹುಡುಕುತ್ತಾರೆ. ಹೊಸಬರಿಗೆ ಅದು ಬರೀ ಕಾಲಹರಣವೆಂದು ತೋರುತ್ತದೆ. ನಾನು ಆಗಲೇ ಹೆಚ್ಚು ಗಮನವಿಟ್ಟು ನೋಡುತ್ತೇನೆ. ಯಾರು ಎಷ್ಟು ಹೊತ್ತು ಕೆದಕಿದರು, ಯಾರು ಹಿಂದಿನ ಹೀಟ್‌ನವನು ಬಿಟ್ಟುಹೋದ ಗೆರೆಯಲ್ಲೇ ಚಕ್ರ ಇಟ್ಟರು ಎಂಬುದರಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ರೇಸ್‌ಗಳು ನಡೆದಂತೆಲ್ಲ ಸಡಿಲ ಮಣ್ಣು ಬೇಲಿಯ ಕಡೆಗೆ ಸರಿಯುತ್ತದೆ. ಒಳಗೆರೆ ಬೋಳಾಗಿ ನುಣುಪಾಗುತ್ತದೆ, ಹೊರಗೆ ಹಿಡಿತ ಹೆಚ್ಚುತ್ತದೆ. ಆಮೇಲೆ ಟ್ರ್ಯಾಕ್ಟರ್ ಬಂದು ಹರಗಿ, ಟ್ಯಾಂಕರ್ ನೀರು ಚಿಮುಕಿಸಿ ಹೋದರೆ ಲೆಕ್ಕವೆಲ್ಲ ಮತ್ತೆ ತಲೆಕೆಳಗು. ಅಂಚಿನಲ್ಲಿ ಬರೆದ ಅಂಕಿಗಳನ್ನು ಎಂಟನೆಯ ಹೀಟ್ ಹೊತ್ತಿಗೆ ಒಮ್ಮೆ ನೋಡಿದರೆ ಅಂದಿನ ಟ್ರ್ಯಾಕಿನ ಸ್ವಭಾವ ಕಾಣುತ್ತದೆ. ಹದಿನೈದನೆಯ ಹೀಟ್‌ಗೆ ಎರಡೂ ಕಡೆಯವರು ತಮ್ಮ ಅತ್ಯುತ್ತಮ ಇಬ್ಬರನ್ನು ಆರಿಸಿ ಕಳಿಸುವಾಗ ಈ ಪಟ್ಟಿ ಕೈಯಲ್ಲಿದ್ದವನ ಗತ್ತೇ ಬೇರೆ. ನಿಲ್ಲುವ ಜಾಗವೂ ಮುಖ್ಯ. ತಿರುವಿನ ಹೊರಬದಿಗೆ ನಿಂತರೆ ಚಕ್ರಗಳ ಹಿಡಿತ ಚೆನ್ನಾಗಿ ಕಾಣುತ್ತದೆ, ಆದರೆ ಒದ್ದೆ ಮಣ್ಣು ಎರಚಿ ಮೈಮೇಲೆ, ಕಾಫಿಯೊಳಗೆ, ಬರೆದ ಅಂಕಗಳ ಮೇಲೆ ಬೀಳುತ್ತದೆ. ಬೈಕುಗಳು ಹತ್ತಿರ ಬರುವಾಗ ಪುಸ್ತಿಕೆಯನ್ನು ಜಾಕೆಟ್ಟಿನೊಳಗೆ ಸರಿಸಿಕೊಳ್ಳುವುದು ಈಗ ಕೈಗೇ ರೂಢಿಯಾಗಿದೆ.

ಅಂಕ ಬರೆಯುವ ಹುಚ್ಚು ಹತ್ತಿದವರಿಗೆ ಈ ಆಟದ ಇತಿಹಾಸವೂ ಅದೇ ದಾರಿಯಲ್ಲಿ ರುಚಿಸುತ್ತದೆ. 1936ರಲ್ಲಿ ವೆಂಬ್ಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನಡೆದಾಗ ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ತನ್ನ ಐದೂ ರೇಸ್ ಗೆದ್ದ. ಆದರೂ ಸಿಕ್ಕಿದ್ದು ಮೂರನೆಯ ಸ್ಥಾನ. ಹಿಂದಿನ ಸುತ್ತುಗಳಿಂದ ಹೊತ್ತು ತಂದ ಬೋನಸ್ ಅಂಕಗಳು ಬೇರೆಯವರ ಬಳಿ ಹೆಚ್ಚಿದ್ದವು. ಕೊನೆಗೆ ಲಯನಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ನಡುವೆ ಇನ್ನೊಂದು ರೇಸ್ ಓಡಿಸಿ ವಾನ್ ಪ್ರಾಗ್‌ಗೆ ಪಟ್ಟ ಕಟ್ಟಿದರು. ವಿಲ್ಕಿನ್ಸನ್ 1938ರವರೆಗೆ ಕಾಯಬೇಕಾಯಿತು. ಇದಕ್ಕೆ ತದ್ವಿರುದ್ಧವಾಗಿ 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಮಾರ್ಕ್ ಲೋರಮ್ ಆ ವರ್ಷದ ಒಂದೂ ಗ್ರ್ಯಾನ್ ಪ್ರಿ (ವಿಶ್ವ ಪಟ್ಟ ತೀರ್ಮಾನಿಸುವ ಸರಣಿಯ ಪಂದ್ಯ) ಗೆಲ್ಲದೆ ವಿಶ್ವ ಚಾಂಪಿಯನ್ ಆದ. ಅದು ಅದೃಷ್ಟ ಎನ್ನುವವರೂ ಇದ್ದಾರೆ. ಪ್ರತಿ ರೇಸ್‌ನಲ್ಲೂ ಒಂದೊಂದು ಅಂಕಕ್ಕೆ ಕಾದಾಡಿದವನಿಗೆ ಸಿಗಬೇಕಾದದ್ದು ಸಿಕ್ಕಿತು ಎನ್ನುವವರ ಕಡೆ ನಾನು.

ಗೆಸ್ಟ್ ರೈಡರ್ ಪದ್ಧತಿ ಮಾತ್ರ ನನಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ರೈಡರ್ ಗಾಯಗೊಂಡರೆ ಅಂಕಗಳ ಸರಾಸರಿ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ಇರುವ ಬೇರೆ ತಂಡದವನನ್ನು ಆ ಒಂದು ಪಂದ್ಯಕ್ಕೆ ಎರವಲು ತರಬಹುದು. ಕಳೆದ ವಾರ ಬಾಯಿತುಂಬ ಬೈದವನಿಗೆ ಈ ವಾರ ಚಪ್ಪಾಳೆ ತಟ್ಟಬೇಕು. ಹಾಗೆಂದು ಬೇರೆ ದಾರಿಯೂ ಕಾಣುವುದಿಲ್ಲ. ಹಣವಿರುವುದು ಪೋಲೆಂಡಿನಲ್ಲಿ. ದೊಡ್ಡ ರೈಡರ್‌ಗಳು ಭಾನುವಾರ ಅಲ್ಲಿ ಓಡಿಸಿ, ಸೋಮವಾರ ಇಲ್ಲಿಗೆ ಬಂದು, ಮಂಗಳವಾರ ಸ್ವೀಡನ್ನಿಗೆ ಹಾರುತ್ತಾರೆ. ಕಂಬ್ರಿಯಾದ ಹುಡುಗ ಡ್ಯಾನ್ ಬ್ಯೂಲಿ ಅಷ್ಟು ಅಲೆದಾಟದ ನಡುವೆಯೂ ಬೆಲ್ ವ್ಯೂ ಅಂಗಿ ತೊಟ್ಟು ಬಂದಾಗ ಇಲ್ಲಿನವರಿಗೆ ಆಗುವ ಹಿಗ್ಗು ನೋಡಬೇಕು. 2021ರಲ್ಲಿ ಇದೇ ಟ್ರ್ಯಾಕಿನಲ್ಲಿ ಅವನೂ ರಾಬರ್ಟ್ ಲ್ಯಾಂಬರ್ಟ್‌ನೂ ಸೇರಿ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದುಕೊಟ್ಟರು. ತಂಡವಾಗಿ ವಿಶ್ವ ಕಿರೀಟ ಈ ದೇಶಕ್ಕೆ ಬಂದದ್ದು 1989ರ ನಂತರ ಅದೇ ಮೊದಲು.

ಅಪಾಯದ ಮಾತನ್ನು ಇಲ್ಲಿ ಯಾರೂ ದೊಡ್ಡ ದನಿಯಲ್ಲಿ ಆಡುವುದಿಲ್ಲ. ಆದರೆ ಪ್ರತಿ ವರ್ಷ ಪೀಟರ್ ಕ್ರೇವನ್ ಹೆಸರಿನಲ್ಲಿ ಸ್ಮಾರಕ ಪಂದ್ಯ ನಡೆಯುತ್ತದೆ. 1955 ಮತ್ತು 1962ರ ವಿಶ್ವ ಚಾಂಪಿಯನ್, ಬೆಲ್ ವ್ಯೂನ ಕಣ್ಮಣಿ. 1963ರಲ್ಲಿ ಎಡಿನ್‌ಬರೋದಲ್ಲಿ ಮುಂದೆ ಬಿದ್ದ ರೈಡರ್‌ಗೆ ತಾಗದಿರಲೆಂದು ಪಕ್ಕಕ್ಕೆ ಸರಿದು ಬೇಲಿಗೆ ಬಡಿದು ತೀರಿಕೊಂಡ. ಯಾರಾದರೂ ಬಿದ್ದಾಗ ನನ್ನ ಸುತ್ತ ಯಾರೂ ಪೆನ್ನು ಎತ್ತುವುದಿಲ್ಲ. ಅವನು ಎದ್ದು ಕೈಬೀಸಿದ ಮೇಲೆಯೇ ಅಂಕಣದಲ್ಲಿ ಗುರುತು ಬೀಳುತ್ತದೆ.

ಈ ಅಭಿಮಾನದ ನಿಜವಾದ ಶತ್ರುಗಳು ಎರಡು: ಮಳೆ ಮತ್ತು ನಿವೇಶನ. ಮಳೆಗೆ ಪಂದ್ಯ ರದ್ದಾದರೆ ಇನ್ನೊಂದು ದಿನ ಸಿಗುತ್ತದೆ. ಜಾಗ ಕೈಬಿಟ್ಟರೆ ಹಾಗಲ್ಲ. ಕೊವೆಂಟ್ರಿಯ ಬ್ರ್ಯಾಂಡನ್‌ನಲ್ಲಿ 1928ರಲ್ಲಿ ಶುರುವಾದ ಸ್ಪೀಡ್‌ವೇ 2016ರ ಬಳಿಕ ನಿಂತುಹೋಯಿತು. ವುಲ್ವರ್‌ಹ್ಯಾಂಪ್ಟನ್ನಿನ ಮಾನ್‌ಮೋರ್ ಗ್ರೀನ್ ಮತ್ತು ಪೀಟರ್‌ಬರೋ 2023ರಲ್ಲಿ ಒಂದೇ ವರ್ಷ ಕಣ್ಮುಚ್ಚಿದವು. ಅನೇಕ ತಂಡಗಳಿಗೆ ಸ್ವಂತ ಅಂಗಳವಿಲ್ಲ, ನಾಯಿ ರೇಸ್ ನಡೆಸುವವರಂಥ ಬೇರೆಯವರ ಅಂಗಳದಲ್ಲಿ ಬಾಡಿಗೆಗಿರುತ್ತವೆ. ಮಾಲೀಕ ಒಲ್ಲೆ ಎಂದರೆ ಮುಗಿಯಿತು. ಹಾಗೆಂದು ಎಲ್ಲವೂ ಶಾಶ್ವತವಾಗಿ ಮುಚ್ಚುತ್ತವೆ ಎಂದೇನೂ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಬಾಗಿಲು ಹಾಕಿದ್ದ ಟ್ರ್ಯಾಕ್ 2022ರಲ್ಲಿ ಮತ್ತೆ ತೆರೆಯಿತು.

ಆದ್ದರಿಂದ ಹೊರಗಿನ ಪಂದ್ಯಗಳನ್ನು ನಾನು ಆರಿಸುವ ಕ್ರಮವೇ ಬದಲಾಗಿದೆ. ನಮ್ಮ ತಂಡ ಆಡುತ್ತದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಯಾವ ಸ್ಟೇಡಿಯಂ ಸುತ್ತ ಮನೆ ಕಟ್ಟುವ ಸುದ್ದಿ ಹಬ್ಬಿದೆಯೋ ಅಲ್ಲಿಗೆ ಮೊದಲು. ಹೀಗೆ ಹೊರಟು ಒಂದು ವಾರಾಂತ್ಯ ಶುಕ್ರವಾರ ಸ್ಕಾಟ್ಲೆಂಡಿನ ಆರ್ಮಡೇಲ್, ಶನಿವಾರ ಬೆರಿಕ್‌ನ ಶೀಲ್‌ಫೀಲ್ಡ್ ಪಾರ್ಕ್ ಎರಡನ್ನೂ ನೋಡಿ ಬಂದೆ. ಬೆರಿಕ್ ಇರುವುದು ಇಂಗ್ಲೆಂಡಿನಲ್ಲಿ, ಅದೇ ಅಂಗಳದ ಫುಟ್‌ಬಾಲ್ ತಂಡ ಆಡುವುದು ಸ್ಕಾಟ್ಲೆಂಡಿನ ಲೀಗಿನಲ್ಲಿ. ಅಂಥ ಊರಿನವರಿಗೆ ಗೆಸ್ಟ್ ರೈಡರ್ ವಿಚಾರದಲ್ಲಿ ನನ್ನಷ್ಟು ಸಂಕಟವಿರಲಾರದು ಎಂದುಕೊಂಡಿದ್ದೆ. ಪಕ್ಕದಲ್ಲಿ ನಿಂತ ಹಿರಿಯರನ್ನು ಕೇಳಿದೆ. ಅವರು ಅದನ್ನು ನನಗಿಂತ ಹೆಚ್ಚು ಬೈದರು.