ಮೊದಲ ವೈಬ್ರೇಟರ್ ಆರಿಸ್ಕೊಂಡಿದ್ದು ಹೇಗೆ: ನನ್ನ ಅನುಭವ

ನಂಗೀಗ 36. ಮದ್ವೆಯಾಗಿ ಒಂಬತ್ತು ವರ್ಷ. ಬೆಂಗಳೂರಲ್ಲಿ ವಿಜಯನಗರದ ಹತ್ರ ಬಾಡಿಗೆ ಮನೆ, ಎರಡು ರೂಮು, ಒಂದ್ರಲ್ಲಿ ನಾವು, ಪಕ್ಕದ್ರಲ್ಲಿ ಅತ್ತೆ, ಮಧ್ಯದ ಗೋಡೆ ಎಷ್ಟು ತೆಳು ಅಂದ್ರೆ ರಾತ್ರಿ ಅವ್ರು ಬಿಪಿ ಮಾತ್ರೆ ಶೀಟಿಂದ ಒತ್ತಿ ತೆಗೆಯೋ ಸದ್ದೂ ನಮಗೆ ಕೇಳ್ಸುತ್ತೆ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಟಾಯ್ (ವೈಬ್ರೇಟರ್, ಅಂದ್ರೆ ಅದುರಿ ಸುಖ ಕೊಡೋ ಸಣ್ಣ ಮಷೀನು) ಆರಿಸೋವಾಗ ಈ ಗೋಡೆನೇ ಅರ್ಧ ತೀರ್ಮಾನ ಮಾಡ್ತು.

ಶುರುವಾಗಿದ್ದು ಡಾಕ್ಟರ್ ಹತ್ರ, ಎರಡು ವರ್ಷದ ಹಿಂದೆ. ಸೇರುವಾಗ ನೋವು ಅಂತ ಹೋಗಿದ್ದೆ, ಅದೂ ಎಷ್ಟೋ ತಿಂಗಳು ಹಲ್ಲು ಕಚ್ಚಿ ತಡ್ಕೊಂಡು ಆದ್ಮೇಲೆ. ಪರೀಕ್ಷೆ ಮಾಡಿ ಸೋಂಕು, ಗಡ್ಡೆ ಏನೂ ಇಲ್ಲ ಅಂದ್ರು, ಆಮೇಲೆ ಕನ್ನಡಕ ತೆಗೆದಿಟ್ಟು ನೇರವಾಗಿ ಕೇಳಿದ್ರು, "ನಿಮಗೆ ಸುಖ ಅನ್ಸುತ್ತೇನಮ್ಮಾ?" ಅಂತ. ಇದನ್ನ ಅಲ್ಲಿವರೆಗೆ ನನ್ನ ಯಾರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ, ಗಂಟ್ಲು ಕಟ್ಬಿಡ್ತು. ಅವ್ರು ಪ್ರಿಸ್ಕ್ರಿಪ್ಷನ್ ಚೀಟಿ ಹಿಂಭಾಗದಲ್ಲಿ ಪೆನ್ನಲ್ಲಿ ಚಿತ್ರ ಬರೆದು ತೋರ್ಸಿದ್ರು, ಇದು ಯೋನಿ, ಇದು ಮೂತ್ರ ಬರೋ ದಾರಿ, ಮೇಲಿರೋ ಈ ಸಣ್ಣ ಕಾಳಿನಂಥದ್ದು ಕ್ಲಿಟೋರಿಸ್, ಹೆಚ್ಚಿನ ಹೆಂಗಸರಿಗೆ ಪರಾಕಾಷ್ಠೆ ಬರೋದು ಇಲ್ಲಿಂದ, ಒಳಗೆ ಹೋಗೋದ್ರಿಂದ ಮಾತ್ರ ಬರಲ್ಲ, ಇದ್ರಲ್ಲಿ ನಿಮ್ಮ ದೇಹದ್ದೇನೂ ತಪ್ಪಿಲ್ಲ ಅಂದ್ರು. ಆ ಚೀಟಿ ಇನ್ನೂ ನನ್ನ ಫೈಲಲ್ಲಿದೆ.

ಮನೆಗೆ ಬಂದು ಓದ್ತಾ ಹೋದೆ. ಆಸ್ಟ್ರೇಲಿಯಾದ ಹೆಲೆನ್ ಓಕಾನೆಲ್ ಅನ್ನೋ ಯುರಾಲಜಿಸ್ಟ್ (ಮೂತ್ರಾಂಗಗಳ ಡಾಕ್ಟರ್) 1998ರಲ್ಲಿ, ಆಮೇಲೆ 2005ರಲ್ಲಿ ಕ್ಲಿಟೋರಿಸ್ ರಚನೆ ಬಗ್ಗೆ ಸರಿಯಾಗಿ ಬರೆದ್ರಂತೆ, ಹೊರಗೆ ಕಾಣೋದು ತುದಿ ಮಾತ್ರ, ಉಳಿದದ್ದೆಲ್ಲ ಒಳಗೆ ಎರಡು ಕಾಲಿನ ಥರ ಚಾಚ್ಕೊಂಡು ಯೋನಿ ಅಕ್ಕಪಕ್ಕ ಇರುತ್ತೆ. 1998! ನಾನಾಗ ಪ್ರೈಮರಿ ಸ್ಕೂಲಲ್ಲಿದ್ದೆ. ಮುಂದೆ ಹೈಸ್ಕೂಲಿಗೆ ಬಂದಾಗಲೂ ಜೀವಶಾಸ್ತ್ರದ ಆ ಪಾಠ ಟೀಚರ್ "ಮನೇಲಿ ಓದ್ಕೊಳ್ಳಿ" ಅಂತ ಬಿಟ್ಟುಬಿಟ್ರು. ಎಷ್ಟು ಹುಡುಗೀರು ಹಾಗೇ ಮದ್ವೆಯಾಗಿ ಹೋಗಿರ್ತಾರೆ ಅಂತ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಡಾಕ್ಟರ್ ಟಾಯ್ ತಗೊಳ್ಳಿ ಅಂತ ಮೊದ್ಲೇ ಹೇಳಿರ್ಲಿಲ್ಲ, ಮೊದ್ಲು ನಿಮ್ಮ ಕೈಯಿಂದ ನಿಮ್ಮ ದೇಹ ಗೊತ್ತು ಮಾಡ್ಕೊಳ್ಳಿ ಅಂದಿದ್ರು. ಸುಮಾರು ಎರಡು ತಿಂಗಳು ಅದೇ ಮಾಡ್ದೆ, ಸ್ನಾನಕ್ಕೆ ಹೋದಾಗ ಹತ್ತು ನಿಮಿಷ ಜಾಸ್ತಿ ತಗೊಂಡು. ಹೊಸದಾಗಿ ತಗೊಳ್ಳೋರಿಗೆ ನಾನು ಒತ್ತಿ ಹೇಳೋದು ಇದನ್ನೇ, ಈ ಎರಡು ತಿಂಗಳು ಇಲ್ದೆ ಹೋಗಿದ್ರೆ ನಾನು ಏನು ಹುಡುಕ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ. ನಂಗೆ ತಿಳಿದಿದ್ದು ಇಷ್ಟು: ಒಳಗಿಂದಕ್ಕಿಂತ ಹೊರಗೇ ಹೆಚ್ಚು, ತುದಿ ಮೇಲೆ ನೇರವಾಗಿ ಮುಟ್ಟಿದ್ರೆ ಚುಚ್ಚಿದ ಹಾಗಾಗುತ್ತೆ, ಪಕ್ಕದಲ್ಲಿ, ಅದೂ ಎಡಗಡೆ, ಬಟ್ಟೆ ಮೇಲಿಂದ ನಿಧಾನವಾಗಿ ಒಂದೇ ಸಮ ಒತ್ತಿದ್ರೆ ಹಿತ. ಕೈ ಬೇಗ ಸೋತುಹೋಗ್ತಿತ್ತು, ಇನ್ನೇನು ಅನ್ನೋವಾಗ ಮಣಿಕಟ್ಟು ನೋಯ್ತಿತ್ತು. ನಂಗೆ ಮಷೀನು ಬೇಕಾಗಿದ್ದು ಅದಕ್ಕೆ.

ಇವ್ರಿಗೆ ಹೇಳ್ದೇ ತಗೊಳ್ಳೋಣ ಅಂತ ಒಂದ್ಸಲ ಅನ್ನಿಸ್ತು, ಮನಸ್ಸು ಒಪ್ಲಿಲ್ಲ. ಒಂದು ಭಾನುವಾರ ಅತ್ತೆ ಹಾಸನಕ್ಕೆ ಹೋಗಿದ್ದಾಗ ಹೇಳ್ದೆ. ಸುಮಾರು ಹೊತ್ತು ಸುಮ್ನಿದ್ರು, ಆಮೇಲೆ "ಹಂಗಾದ್ರೆ ಇಷ್ಟು ವರ್ಷ ನೀನು ಸುಮ್ನೆ ಸಹಿಸ್ಕೊಂಡಿದ್ಯಾ?" ಅಂದ್ರು. ಆ ಮಾತು ನಂಗೆ ತಟ್ತು, ಅವ್ರಿಗೂ ನೋವಾಗಿತ್ತು. "ನಿಮ್ಮ ತಪ್ಪಲ್ಲ ರೀ, ನಂಗೇ ಗೊತ್ತಿರ್ಲಿಲ್ಲ, ನಿಮಗೆ ಹೇಗೆ ಹೇಳ್ಲಿ" ಅಂದೆ. ಎರಡು ದಿನ ಸ್ವಲ್ಪ ದೂರ ದೂರಾನೇ ಇದ್ರು, ಮೂರನೇ ದಿನ ತಾವೇ ಡಾಕ್ಟರ್ ಬರೆದ ಆ ಚೀಟಿ ತಗೊಂಡು ಬಂದು ಇದೇನಿದು ಹೇಳು ಅಂತ ಕೂತ್ರು. ಎಲ್ಲ ಮನೇಲೂ ಇಷ್ಟು ಸಲೀಸಾಗುತ್ತೆ ಅಂತ ನಾನು ಹೇಳಲ್ಲ, ಹೇಳೋದಕ್ಕೆ ಕ್ಷೇಮ ಅನ್ನಿಸ್ದಿದ್ರೆ ಹೇಳ್ಬೇಕು ಅಂತೇನಿಲ್ಲ, ಅದು ಅವರವರ ಮನೆ ವಿಷ್ಯ.

ಮೊದಲನೇ ಸಲ ತಗೊಂಡಿದ್ದು ತಪ್ಪಾಯ್ತು. ಒಂದು ಆನ್‌ಲೈನ್ ಅಂಗಡಿಯಲ್ಲಿ ಸಿಲಿಕಾನ್ ಅಂತ ಬರೆದಿತ್ತು, 700 ರೂಪಾಯಿ, ಗುಲಾಬಿ ಬಣ್ಣ. ಬಾಕ್ಸ್ ತೆಗೆದ ತಕ್ಷಣ ಹೊಸ ರೈನ್‌ಕೋಟ್ ವಾಸನೆ ಗಪ್ ಅಂತ ಬಂತು, ಮುಟ್ಟಿದ್ರೆ ಅಂಟಂಟು, ಪೇಪರ್ ಮೇಲೆ ಒಂದು ರಾತ್ರಿ ಇಟ್ರೆ ಬೆಳಿಗ್ಗೆ ಎಣ್ಣೆ ಕಲೆ. ನಿಜವಾದ ಸಿಲಿಕಾನಿಗೆ ವಾಸನೆ ಇರಲ್ಲ, ಎಣ್ಣೆ ಬಿಡಲ್ಲ. ಜೆಲ್ಲಿ ಅಂತ ಮಾರೋದು ಬಹುತೇಕ ಮೆತ್ತಗೆ ಮಾಡಿದ ಪಿವಿಸಿ, ಮೆತ್ತಗಾಗ್ಲಿ ಅಂತ ಥಾಲೇಟ್ ಅನ್ನೋ ಕೆಮಿಕಲ್ ಸೇರಿಸಿರ್ತಾರೆ, ಟಿಪಿಇ ಅನ್ನೋ ರಬ್ಬರಿನಂಥ ಪ್ಲಾಸ್ಟಿಕ್‌ನಲ್ಲಿ ಅದು ಸಾಮಾನ್ಯವಾಗಿ ಇರಲ್ಲ ಆದ್ರೆ ಎರಡರಲ್ಲೂ ಕಣ್ಣಿಗೆ ಕಾಣ್ದಷ್ಟು ಸಣ್ಣ ರಂಧ್ರ ಇರುತ್ತೆ, ಎಷ್ಟು ತೊಳೆದ್ರೂ ಒಳಗೆ ಕೊಳೆ ಉಳ್ಕೊಳ್ಳುತ್ತೆ. ನಾನು ಅದನ್ನ ಮೈಗೆ ಮುಟ್ಟಿಸ್ಲೇ ಇಲ್ಲ, ಎಸೆದೆ. ದುಡ್ಡು ವಾಪಸ್ ಬರ್ಲಿಲ್ಲ, ಇಂಥ ಸಾಮಾನು ಶುಚಿತ್ವದ ಕಾರಣಕ್ಕೆ ತೆರೆದ್ಮೇಲೆ ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ, ಆದ್ರಿಂದ ಆರ್ಡರ್ ಮಾಡೋಕ್ ಮುಂಚೆನೇ ಎಲ್ಲ ನೋಡ್ಕೋಬೇಕು. ಮೆಡಿಕಲ್ ಗ್ರೇಡ್ ಸಿಲಿಕಾನ್, ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಸ್ಟೇನ್‌ಲೆಸ್ ಸ್ಟೀಲ್, ಬೊರೊಸಿಲಿಕೇಟ್ ಗಾಜು, ಇಷ್ಟರಲ್ಲಿ ಯಾವುದಾದ್ರೂ ಪರವಾಗಿಲ್ಲ. 2021ರಲ್ಲಿ ಇದಕ್ಕೇ ಅಂತ ಐಎಸ್ಒ 3533 ಅನ್ನೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡೂ ಬಂದಿದೆ, ವಿವರಣೆಯಲ್ಲಿ ಅದು ಇದ್ರೆ ಒಳ್ಳೇದೇ.

ಎರಡನೇ ಸಲ ಒಂದು ನೋಟ್‌ಬುಕ್ ತಗೊಂಡು ನಮ್ಮನೇನ ಮುಂದಿಟ್ಕೊಂಡು ಯೋಚಿಸ್ದೆ. ಚಿಲಕ ಹಾಕ್ಕೊಂಡು ಯಾರೂ ಬಾಗಿಲು ತಟ್ಟದೇ ಇರೋ ಜಾಗ ನಂಗೆ ಬಚ್ಚಲುಮನೆ ಒಂದೇ. ಅಂದ್ಮೇಲೆ ನೀರು ತಾಗಿದ್ರೂ ಏನಾಗ್ಬಾರ್ದು. ಪೆಟ್ಟಿಗೆ ಮೇಲೆ ಐಪಿಎಕ್ಸ್4 ಅಂತಿದ್ರೆ ನೀರು ಚಿಮ್ಮಿದ್ರೆ ತಡ್ಕೊಳ್ಳುತ್ತೆ ಅಷ್ಟೇ, ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ಆಳದ ನೀರಲ್ಲಿ 30 ನಿಮಿಷ ಇದ್ರೂ ಒಳಗೆ ನೀರು ಹೋಗಲ್ಲ, ಬರೀ ವಾಟರ್‌ಪ್ರೂಫ್ ಅಂತ ಬರೆದು ನಂಬರ್ ಕೊಡದೇ ಇರೋದನ್ನೆಲ್ಲ ಬಿಟ್ಟೆ. ಆಮೇಲೆ ಸದ್ದು. 50 ಡೆಸಿಬಲ್‌ಗಿಂತ ಕಮ್ಮಿ ಅಂತ ಬರೆದಿರೋದು ಮಾತ್ರ ನೋಡ್ದೆ, ಆದ್ರೂ ಆ ಅಂಕಿನ ಪೂರ್ತಿ ನಂಬೋಕಾಗಲ್ಲ, ಯಾಕಂದ್ರೆ ಮಂಚಕ್ಕೋ ಗೋಡೆಗೋ ತಾಗಿದ್ರೆ ಸದ್ದು ಎರಡು ಪಟ್ಟಾದ ಹಾಗೆ ಕೇಳ್ಸುತ್ತೆ, ಮೊಬೈಲ್ ವೈಬ್ರೇಷನಲ್ಲಿಟ್ಟು ಟೇಬಲ್ ಮೇಲೆ ಇಟ್ರೆ ಹೇಗೆ ಗುರ್ ಅನ್ನುತ್ತೋ ಹಾಗೆ.

ಮೊಬೈಲಿನದ್ದೇ ತತ್ವ ನೋಡಿ, ಒಂದು ಸಣ್ಣ ಮೋಟರಿನ ಕಡ್ಡಿಗೆ ಒಂದು ಕಡೆ ಮಾತ್ರ ತೂಕ ಕಟ್ಟಿರ್ತಾರೆ, ಅದು ತಿರುಗಿದಾಗ ಎಲ್ಲ ಅದುರುತ್ತೆ. ತೂಕ ದೊಡ್ಡದಿದ್ದು ನಿಧಾನ ತಿರುಗಿದ್ರೆ ಗುಡುಗು ದೂರದಲ್ಲಿ ಗುಡುಗುಟ್ಟಿದ ಹಾಗೆ ಆಳಕ್ಕೆ ಹೋಗೋ ಅದುರು, ತೂಕ ಚಿಕ್ಕದಿದ್ದು ವೇಗವಾಗಿ ತಿರುಗಿದ್ರೆ ಜೇನ್ನೊಣದ ಥರ ಚರ್ಮದ ಮೇಲೇ ಜುಂ ಅನ್ನೋದು. ಎರಡನೇದು ಬೇಗ ಮರಗಟ್ಟಿಸುತ್ತೆ, ನಂಗೆ ತುದಿ ಮೇಲೆ ಚುಚ್ಚಿದ ಹಾಗಾಗ್ತಿತ್ತಲ್ಲ, ಅಂಥವರಿಗೆ ಮೊದಲನೇದೇ ಸರಿ. ಲಿಪ್‌ಸ್ಟಿಕ್ ಗಾತ್ರದ, ಬುಲೆಟ್ ಅಂತ ಕರೆಯೋ ಟಾಯ್‌ಗಳು ಹೆಚ್ಚಾಗಿ ಜುಂ ಅನ್ನೋ ಜಾತಿ, ಸುತ್ತ ಅಗಲ ಇರೋ, ಅಂಗೈಯಲ್ಲಿ ಕೂರೋ ಥರದ್ದಕ್ಕೆ ದೊಡ್ಡ ಮೋಟರ್ ಹಿಡಿಯುತ್ತೆ. ಉದ್ದನೆ ಒಳಗೆ ಹಾಕೋ ಥರದ್ದು, ಎರಡು ಕವಲಿಂದು, ಗಾಳಿ ಒತ್ತಡದಿಂದ ಹೀರೋ ಥರದ್ದು, ರಿಮೋಟ್ ಇರೋದು, ಆ್ಯಪ್ ಇರೋದು, ಎಲ್ಲ ನೋಡ್ದೆ, ನನ್ನ ಎರಡು ತಿಂಗಳ ಪಾಠ ಹೇಳಿದ್ದು ಹೊರಗೆ, ಅಗಲ, ಮೆದು ಅಂತ, ಆದ್ರಿಂದ ನಯವಾದ ಬೆಣಚುಕಲ್ಲಿನ ಆಕಾರದ ಒಂದನ್ನ ಆರಿಸ್ದೆ. 2,400 ರೂಪಾಯಿ. ಹಿಂಭಾಗಕ್ಕೆ, ಅಂದ್ರೆ ಗುದದ್ವಾರಕ್ಕೆ ಬಳಸ್ಬೇಕು ಅಂತಿರೋರು ಬುಡ ಅಗಲವಾಗಿ ಚಾಚಿರೋದನ್ನ ಬಿಟ್ಟು ಬೇರೆ ಯಾವುದನ್ನೂ ಬಳಸ್ಲೇಬೇಡಿ, ಒಳಗೆ ಎಳ್ಕೊಂಡು ಹೋಗಿ ಆಸ್ಪತ್ರೆಗೆ ಓಡ್ಬೇಕಾಗುತ್ತೆ.

ಕಾನೂನಿನ ಭಯ ನಂಗೂ ಇತ್ತು. ಓದಿದ್ಮೇಲೆ ತಿಳೀತು, ಇಂಥದ್ದನ್ನ ಸ್ವಂತಕ್ಕೆ ಇಟ್ಕೊಳ್ಳೋದು ಅಪರಾಧ ಅನ್ನೋ ಕಾನೂನಿಲ್ಲ, ಅಶ್ಲೀಲ ವಸ್ತು ಮಾರೋದು, ಪ್ರದರ್ಶನ ಮಾಡೋದರ ಮೇಲೆ ಹಳೇ ಐಪಿಸಿ 292 ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 294 ಬಂದಿದೆ. 2024ರಲ್ಲೇ ಬಾಡಿ ಮಸಾಜರ್‌ಗಳನ್ನ ಕಸ್ಟಮ್ಸ್‌ನವ್ರು ಹಿಡಿದಿಟ್ಟಿದ್ದ ಕೇಸಲ್ಲಿ ಅವನ್ನ ಸೆಕ್ಸ್ ಟಾಯ್ ಆಗಿ ಬಳಸ್ಬಹುದು ಅನ್ನೋ ಕಸ್ಟಮ್ಸ್ ವಾದವನ್ನ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ನಾನು ಹೊರದೇಶದ ಸೈಟಿಂದ ತರಿಸದೇ ಇಲ್ಲೇ ಭಾರತದೊಳಗೆ ಮಾರೋರ ಹತ್ರ ತಗೊಂಡೆ, ಕಸ್ಟಮ್ಸ್ ತಲೆನೋವೇ ಬೇಡ ಅಂತ. ಕ್ಯಾಶ್ ಆನ್ ಡೆಲಿವರಿ ಹಾಕ್ಲಿಲ್ಲ, ಬಾಗಿಲು ತೆಗೆಯೋದು ಅತ್ತೆ, ದುಡ್ಡು ಕೊಡೋವಾಗ ಏನಮ್ಮಾ ಇದು ಅಂತ ಕೇಳೇ ಕೇಳ್ತಾರೆ. ಮೊದ್ಲೇ ಪೇ ಮಾಡಿ ಆಫೀಸ್ ಅಡ್ರೆಸ್ ಕೊಟ್ಟೆ, ಕಂದು ಬಣ್ಣದ ಡಬ್ಬ ಬಂತು, ಹೊರಗೆ ಏನೂ ಬರೆದಿರ್ಲಿಲ್ಲ.

ಜೊತೆಗೆ ನೀರಿನ ಬೇಸಿನ ಲ್ಯೂಬ್ (ಒಣಗಿ ಉಜ್ಜದ ಹಾಗೆ ಜಾರಿಕೆ ಕೊಡೋ ಜೆಲ್) ತರಿಸ್ದೆ. ನಿಜ ಹೇಳ್ಬೇಕಂದ್ರೆ ನನ್ನ ನೋವು ಅರ್ಧ ಕಮ್ಮಿಯಾಗಿದ್ದು ಟಾಯ್‌ನಿಂದ ಅಲ್ಲ, ಇದರಿಂದ. ಮೊದ್ಲು ಕೊಬ್ರಿ ಎಣ್ಣೆ ಬಳಸ್ತಿದ್ವಿ, ನಾವು ಕಾಂಡೋಮ್ ಬಳಸೋರು, ಎಣ್ಣೆ ತಾಗಿದ್ರೆ ಅದರ ಲ್ಯಾಟೆಕ್ಸ್ ರಬ್ಬರ್ ಬೇಗ ಹರಿಯುತ್ತೆ ಅಂತ ಡಾಕ್ಟರ್ ಹೇಳಿದ್ಮೇಲೆ ಬಿಟ್ವಿ. ಸಿಲಿಕಾನ್ ಲ್ಯೂಬನ್ನ ಸಿಲಿಕಾನ್ ಟಾಯ್ ಮೇಲೆ ಹಾಕ್ಬಾರ್ದು, ಮೇಲ್ಮೈ ಅಂಟಂಟಾಗಿ ಹಾಳಾಗ್ಬಹುದು. ಸೆಂಟು, ರುಚಿ, ಬಿಸಿ ಮಾಡೋದು ತಣ್ಣಗೆ ಮಾಡೋದು ಅಂತೆಲ್ಲ ಬರೆದಿರೋದು ಬೇಡ. ಯೋನಿ ಒಳಗಿನ ಪಿಎಚ್ (ಹುಳಿ ಅಂಶದ ಅಳತೆ) ಸಾಮಾನ್ಯವಾಗಿ 3.8ರಿಂದ 4.5, ಅದಕ್ಕೆ ಹತ್ತಿರ ಇರೋದನ್ನ ನೋಡಿ, ಗ್ಲಿಸರಿನ್ ಜಾಸ್ತಿ ಇದ್ರೆ ಅದು ಚರ್ಮದ ನೀರನ್ನೇ ಎಳ್ಕೊಂಡು ಆಮೇಲೆ ಉರಿ ತರಿಸ್ಬಹುದು.

ಮೊದಲನೇ ದಿನ ಸೀದಾ ಬಳಸ್ಲಿಲ್ಲ. ಸೋಪು ನೀರಲ್ಲಿ ತೊಳೆದು, ಒರೆಸಿ, ಎರಡು ಗಂಟೆ ಚಾರ್ಜ್ ಮಾಡಿ, ಆನ್ ಮಾಡಿ ಮೂಗಿನ ತುದಿಗೆ ಹಿಡಿದೆ. ಅಂಗೈ ದಪ್ಪ ಚರ್ಮ, ಅದರ ಮೇಲೆ ಮೆಲ್ಲಗಿದೆ ಅನ್ಸಿದ್ದು ಮೂಗಿನ ಮೇಲೆ ಎಷ್ಟು ಜೋರು ಅಂತ ಗೊತ್ತಾಗುತ್ತೆ. ಆಮೇಲೆ ರೂಮಲ್ಲಿ ಆನ್ ಮಾಡಿ ದಿಂಬಿನ ಕೆಳಗಿಟ್ಟು ಇವ್ರನ್ನ ಅತ್ತೆ ರೂಮಿಗೆ ಕಳಿಸಿ ಕೇಳ್ಸುತ್ತಾ ನೋಡಿ ಅಂದೆ, ಮೂರನೇ ಸ್ಪೀಡ್‌ವರೆಗೆ ಕೇಳ್ಸಲ್ಲ, ನಾಲ್ಕನೇದು ಕೇಳ್ಸುತ್ತೆ. ನಾಲ್ಕಕ್ಕೆ ನಾನು ಇವತ್ತಿಗೂ ಹೋಗಿಲ್ಲ.

ಮಾರನೇ ದಿನ ಬಟ್ಟೆ ಮೇಲಿಂದ, ಅತಿ ಕಮ್ಮಿ ಸ್ಪೀಡಲ್ಲಿ, ಮೊದ್ಲು ತೊಡೆ ಮೇಲೆ, ಆಮೇಲೆ ನಿಧಾನಕ್ಕೆ ಹತ್ರ. ಐದು ನಿಮಿಷಕ್ಕೆ ಮರಗಟ್ಟಿದ ಹಾಗಾಯ್ತು, ಭಯ ಆಯ್ತು, ನಿಲ್ಲಿಸ್ದೆ, ಅರ್ಧ ಗಂಟೆಗೆಲ್ಲ ಸರಿಹೋಯ್ತು. ಒಂದೇ ಜಾಗದಲ್ಲಿ ಒತ್ತಿ ಹಿಡಿದ್ರೆ ಹಾಗಾಗುತ್ತೆ, ಸರಿಸ್ತಾ ಇರ್ಬೇಕು, ಮಧ್ಯೆ ಬಿಡ್ಬೇಕು. ಮೊದಲ ವಾರ ಏನೂ ದೊಡ್ಡದಾಗಿ ಆಗ್ಲಿಲ್ಲ. ಹತ್ತನೇ ದಿನವೋ ಹನ್ನೊಂದನೇ ದಿನವೋ, ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದೆ, ಅದು ತುಂಬಿ ಹೊರಗೆ ಚೆಲ್ತಾ ಇದ್ರೂ ನಂಗೆ ಗೊತ್ತಾಗ್ಲಿಲ್ಲ. ಆಮೇಲೆ ಅಲ್ಲೇ ಸ್ಟೂಲ್ ಮೇಲೆ ಕೂತು ಅತ್ತುಬಿಟ್ಟೆ. ದುಃಖ ಅಲ್ಲ ಅದು. 34ನೇ ವಯಸ್ಸಲ್ಲಿ ನನ್ನ ಮೈ ನಂಗೆ ಸಿಕ್ಕಿದ ಹಾಗಿತ್ತು.

ಈಗ ಎರಡು ವರ್ಷದ ಅಭ್ಯಾಸ ಆಗಿದೆ. ಬಳಸಿದ ತಕ್ಷಣ ಸೆಂಟಿಲ್ಲದ ಸೋಪು, ಉಗುರು ಬೆಚ್ಚಗಿನ ನೀರು, ಮೋಟರ್ ಇರೋದ್ರಿಂದ ಕುದಿಸೋ ಹಾಗಿಲ್ಲ. ಚಾರ್ಜಿಂಗ್ ಪಿನ್ ಹತ್ರ ಹನಿ ನೀರೂ ಇರದ ಹಾಗೆ ಒಣಗಿಸಿ, ಹತ್ತಿ ಬಟ್ಟೆ ಚೀಲದಲ್ಲಿ ಹಾಕಿ ಬೀರುವಿನಲ್ಲಿ ರೇಷ್ಮೆ ಸೀರೆ ಹಿಂದೆ. ಚಾರ್ಜ್ ಮಾತ್ರ ಬೀರು ಒಳಗೆ ಪವರ್ ಬ್ಯಾಂಕ್ ಇಟ್ಟು ಮಾಡಲ್ಲ, ಲಿಥಿಯಂ ಬ್ಯಾಟರಿ, ಬಟ್ಟೆ ಮಧ್ಯೆ ಬಿಸಿಯಾದ್ರೆ ಅಪಾಯ, ವರ್ಕ್ ಫ್ರಮ್ ಹೋಮ್ ಇರೋ ಬುಧವಾರ ರೂಮ್ ಬಾಗಿಲು ಹಾಕ್ಕೊಂಡು ಲ್ಯಾಪ್‌ಟಾಪ್ ಪಕ್ಕ ಚುಚ್ಚಿಡ್ತೀನಿ. ಊರಿಗೆ ಹೋಗೋವಾಗ ಟ್ರಾವೆಲ್ ಲಾಕ್ ಹಾಕ್ತೀನಿ, ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಆಗುತ್ತೆ, ಇಲ್ದಿದ್ರೆ ಬಸ್ಸಲ್ಲಿ ಬ್ಯಾಗ್ ಒಳಗೇ ಆನ್ ಆಗ್ಬಿಡುತ್ತೆ. ಇವ್ರ ಜೊತೆಗೂ ಒಂದೊಂದ್ಸಲ ಬಳಸ್ತೀವಿ, ಎಲ್ಲಿ ಹಿಡೀಬೇಕು ಅಂತ ಈಗ ಅವ್ರಿಗೂ ಗೊತ್ತು, ಎಡಗಡೆ.

ಹೋದ ತಿಂಗಳು ನನ್ನ ಕಾಲೇಜ್ ಗೆಳತಿ ಒಬ್ಳಿಗೆ ಇದನ್ನೆಲ್ಲ ಹೇಳ್ದೆ, ಅವ್ಳದ್ದು ಕೂಡು ಕುಟುಂಬ, ಏಳು ಜನ, ಒಂದೇ ಬಾತ್‌ರೂಮು. "ನಮ್ಮನೆಗೆ ಪಾರ್ಸಲ್ ಬಂದ್ರೆ ಮೈದುನನೇ ಒಡೀತಾನೆ ಕಣೇ" ಅಂದ್ಳು. ನಾಲ್ಕು ವಾರ ಫೋನಲ್ಲಿ ಮಾತಾಡಿ ಅವ್ಳಿಗೆ ಏನು ಹಿತ, ಏನು ಬೇಡ ಅಂತ ಅವ್ಳೇ ಕಂಡ್ಕೊಂಡ್ಳು, ನಂದಕ್ಕಿಂತ ಬೇರೆ ಥರದ್ದು ಆರಿಸಿದ್ಳು. ಪಾರ್ಸಲ್ ನನ್ನ ಆಫೀಸಿಗೆ ಬಂದಿದೆ, ಈಗ ನಮ್ಮ ಬೀರುವಿನಲ್ಲಿ ನಂದರ ಪಕ್ಕ ಒಡೆಯದೇ ಇದೆ, ಶನಿವಾರ ಮಲ್ಲೇಶ್ವರದಲ್ಲಿ ಸಿಗ್ತೀನಿ ಅಂದಿದ್ದಾಳೆ.