ಸ್ಟೀಲ್ ಲೋಟ, ಕುಕ್ಕರ್ ವಿಶಲ್ ಮತ್ತು ನನ್ನ ಕಿವಿ

ಅಡುಗೆಮನೆಯಲ್ಲಿ ಜೋರು ಸದ್ದು ಯಾವುದು ಅಂತ ಕೇಳಿದರೆ ಎಲ್ಲರೂ ಮಿಕ್ಸಿ ಅನ್ನುತ್ತಾರೆ. ನನಗೆ ಮಿಕ್ಸಿಗಿಂತ ಸಿಂಕಿನಲ್ಲಿ ಜಾರಿ ಬೀಳುವ ಸ್ಟೀಲ್ ಲೋಟವೇ ಹೆಚ್ಚು ಭಯ. ಮಿಕ್ಸಿ ಹಾಕುವ ಮೊದಲು ಗೊತ್ತಿರುತ್ತದೆ, ಕಿವಿ ಮುಚ್ಚಿಕೊಳ್ಳಬಹುದು. ಲೋಟ ಹೇಳಿ ಬೀಳುವುದಿಲ್ಲ. ಬಿದ್ದ ಕೂಡಲೇ ಕಿವಿಯೊಳಗೆ ದಬ್ಬಣ ಚುಚ್ಚಿದ ಹಾಗಾಗುತ್ತದೆ. ಆ ನೋವು ದವಡೆಗೆ ಇಳಿಯುತ್ತದೆ, ಎಷ್ಟೋ ಸಲ ಮರುದಿನವೂ ಕಿವಿ ಉರಿಯುತ್ತಲೇ ಇರುತ್ತದೆ.

ಇದಕ್ಕೆ ಹೈಪರಾಕ್ಯುಸಿಸ್ ಎನ್ನುತ್ತಾರೆ, ನನ್ನದು ಅದರಲ್ಲಿ ನೋವಿನ ಬಗೆ. ಕೇಳಿಸುವುದರಲ್ಲಿ ತೊಂದರೆಯೇನಿಲ್ಲ, ಕಿವಿ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಆಡಿಯೋಗ್ರಾಂ ಹೆಚ್ಚುಕಡಿಮೆ ಸರಿಯಾಗಿಯೇ ಬಂದಿದೆ. ಬೇರೆಯವರು ಆರಾಮಾಗಿ ತಡೆದುಕೊಳ್ಳುವ ಸದ್ದು ನನ್ನಿಂದ ತಡೆಯಲಾಗುವುದಿಲ್ಲ, ಅಷ್ಟೇ. ಶುರುವಾದದ್ದು ಒಂದು ಕೈಲ್ ಮುಹೂರ್ತದ ದಿನ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬದಂದು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುತ್ತಾ ನಿಂತಿದ್ದೆ, ನನ್ನ ಪಕ್ಕದಲ್ಲೇ ಕೋವಿ ಹಾರಿತು. ಕೋವಿಯ ಸದ್ದು 140 ಡೆಸಿಬಲ್ ದಾಟುತ್ತದೆ, ಹತ್ತಿರ ನಿಂತವನ ಒಳಕಿವಿ ಹಾಳಾಗಲು ಒಂದೇ ಗುಂಡು ಸಾಕು. ಅವ್ವ ಈಗಲೂ ಹೇಳುವುದುಂಟು: "ನಿನ್ನಜ್ಜ ಕೋವಿ ಹೊಡೆದು ಹೊಡೆದು ಕಿವುಡಾದ್ರು, ನಿಂಗೆ ಉಲ್ಟಾ ಆಯ್ತಲ್ಲ ಮಗಾ."

ಹೆಂಡತಿ ಕೆಲಸಕ್ಕೆ ಮಡಿಕೇರಿಗೆ ಹೋಗುತ್ತಾಳೆ, ಅವ್ವನಿಗೆ ಮಂಡಿನೋವು. ಹಾಗಾಗಿ ಅಡುಗೆ, ಪಾತ್ರೆ, ಬಟ್ಟೆ ಎಲ್ಲ ನನ್ನ ಪಾಲಿಗೆ. ಕಿವಿಗೆ ಹತ್ತಿ ತುರುಕಿಕೊಂಡು ಮೂಲೆ ಹಿಡಿಯುವ ಅನುಕೂಲ ನನಗಿಲ್ಲ.

ಯಾವ ಸದ್ದು ಎಷ್ಟಿದೆ ನೋಡೋಣ ಅಂತ ಮೊದಲು ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಮಿಕ್ಸಿ 90ರ ಹತ್ತಿರ ಹೋಗುತ್ತದೆ. ತಟ್ಟೆಗೆ ತಟ್ಟೆ ತಾಗಿದಾಗ ಮುಳ್ಳು ಸುಮ್ಮನೆ ಒಮ್ಮೆ ಅಲ್ಲಾಡಿ ನಿಲ್ಲುತ್ತದೆ. ಆದರೂ ನೋವಾಗುವುದು ತಟ್ಟೆಯಿಂದಲೇ. ಇಂಥ ಆ್ಯಪ್ ತೋರಿಸುವುದು ಸರಾಸರಿ. ಲೋಹದ ಸದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿದುಬಿಡುತ್ತದೆ, ಅದು ಲೆಕ್ಕಕ್ಕೇ ಸಿಗುವುದಿಲ್ಲ. ಸಾಲದ್ದಕ್ಕೆ, ಮನುಷ್ಯನ ಕಿವಿ ತುಂಬಾ ಸೂಕ್ಷ್ಮವಾಗಿರುವುದು 2000ದಿಂದ 5000 ಹರ್ಟ್ಜ್ ನಡುವೆ, ಸ್ಟೀಲಿನ ಕಣಕಣ ಸದ್ದಿನ ಬಹುಪಾಲು ಬೀಳುವುದೂ ಅಲ್ಲೇ. ಮಧ್ಯಕಿವಿಯಲ್ಲಿ ಜೋರು ಸದ್ದಿಗೆ ಬಿಗಿಯಾಗುವ ಪುಟ್ಟ ಸ್ನಾಯುವೊಂದಿದೆ. ಅದು ಬಿಗಿಯಾಗುವಷ್ಟರಲ್ಲಿ ಲೋಟ ಬಿದ್ದು ಮುಗಿದಿರುತ್ತದೆ. ಇದು ತಿಳಿದ ಮೇಲೆ ಮನೆಯ ಸದ್ದೆಲ್ಲ ಕಡಿಮೆ ಮಾಡುವ ಹಟ ಬಿಟ್ಟೆ. ಲೋಹಕ್ಕೆ ಲೋಹ ತಾಗಬಾರದು, ಸದ್ದು ಹೇಳದೆ ಬರಬಾರದು, ಇವೆರಡರ ಹಿಂದೆ ಬಿದ್ದೆ.

ಸಿಂಕಿನ ತಳಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿದೆ. ನಲ್ಲಿ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ ಅದರ ತುದಿ ಕೆಳಗೆ ಇಳಿಬಿಟ್ಟೆ, ನೀರು ಬಟ್ಟೆಗುಂಟ ಇಳಿಯುತ್ತದೆ, ಪಾತ್ರೆಗೆ ಬಡಿಯುವುದಿಲ್ಲ. ಪಾತ್ರೆ ಒಂದೊಂದೇ ತೊಳೆದು ಒಂದೊಂದೇ ಮಗುಚಿಡುತ್ತೇನೆ, ರಾಶಿ ಹಾಕುವುದಿಲ್ಲ. ಸ್ಟೀಲ್ ಸ್ಟ್ಯಾಂಡ್ ತೆಗೆದು ಬಿದಿರಿನ ಬುಟ್ಟಿ ಇಟ್ಟೆ. ಸೌಟೆಲ್ಲ ಮರದ್ದು. ದಿನಬಳಕೆಯ ಲೋಟ, ತಟ್ಟೆ ಪಿಂಗಾಣಿಗೆ ಬದಲಾಯಿಸೋಣವೆಂದುಕೊಂಡೆ, ಆದರೆ ಪಿಂಗಾಣಿ ಒಂದಕ್ಕೊಂದು ತಾಗಿದರೆ ಅದೂ ಕಡಿಮೆಯೇನಿಲ್ಲ. ಕೊನೆಗೆ ಒಳ್ಳೆ ಪ್ಲಾಸ್ಟಿಕ್ ಲೋಟವೇ ಗತಿಯಾಯಿತು. ನೆಂಟರು ಬಂದರೆ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಟೈಲ್ಸ್ ಹಾಕಿದ ಅಡುಗೆಮನೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಹಾರುತ್ತದೆ. ಒಲೆಯಿಂದ ದೂರದ ಗೋಡೆಗೆ ಕಾಫಿಯ ಖಾಲಿ ಗೋಣಿಚೀಲಗಳನ್ನು ಎರಡು ಪದರ ಮಾಡಿ ಮೊಳೆ ಹೊಡೆದೆ. ನೋಡಲು ಚೆಂದವಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಆಗಾಗ ಒಲೆ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಬೇಕು. ಆದರೂ ಕೆಲಸ ಮಾಡುತ್ತದೆ.

ಕುಕ್ಕರ್ ಬಿಡೋಣವೆಂದರೆ ನಮ್ಮ ಕಡೆ ಕಷ್ಟ. ಮಡಿಕೇರಿ ಸಮುದ್ರಮಟ್ಟದಿಂದ 1100 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯತೊಡಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೋದರೆ ಗ್ಯಾಸೂ ಖಾಲಿ, ಹೊತ್ತೂ ಖಾಲಿ. ವಿಶಲ್ ಬಂದರೆ ಮಾತ್ರ ಬೇಯುತ್ತದೆ ಅನ್ನುವುದು ನಮ್ಮ ಅಭ್ಯಾಸ. ಬೇಯಿಸುವುದು ಒಳಗಿನ ಒತ್ತಡ, ಆಗ ಅಲ್ಲಿ 120 ಡಿಗ್ರಿಯ ಆಸುಪಾಸು ಇರುತ್ತದೆ. ವಿಶಲ್ ಎಂದರೆ ಹೆಚ್ಚಾದ ಆವಿ ಹೊರಗೆ ಹೋಗುವುದು. ವೆಯ್ಟ್ ಸಣ್ಣಗೆ ಸುಯ್ಯೆನ್ನಲು ಶುರುಮಾಡಿದ ಕೂಡಲೇ ಉರಿ ಪೂರಾ ತಗ್ಗಿಸಿ, ಅಲ್ಲಿಂದ ಗಡಿಯಾರ ನೋಡುತ್ತೇನೆ: ಅನ್ನಕ್ಕೆ ಐದಾರು ನಿಮಿಷ, ತೊಗರಿಬೇಳೆಗೆ ಹತ್ತು. ವಿಶಲ್ ಕೂಗುವುದೇ ಇಲ್ಲ. ಮುಗಿದ ಮೇಲೆ ಸೌಟಿನಲ್ಲಿ ವೆಯ್ಟ್ ಎತ್ತುವ ಕೆಲಸವಿಲ್ಲ, ತಾನಾಗಿ ತಣಿಯಲಿ. ಒಲೆ ಒಲೆಗೆ, ಕುಕ್ಕರಿಗೆ ಕುಕ್ಕರಿಗೆ ವ್ಯತ್ಯಾಸವಿದೆ, ಎರಡು ಮೂರು ದಿನ ನೋಡಿಕೊಂಡರೆ ಅಂದಾಜು ಸಿಗುತ್ತದೆ.

ಮಿಕ್ಸಿಯನ್ನು ಅಡುಗೆಮನೆಯಿಂದಲೇ ಹೊರಗೆ ಹಾಕಿದೆ. ಕಾಫಿ ಇಡುವ ಶೆಡ್ಡಿನಲ್ಲಿ, ಮಡಚಿದ ಗೋಣಿಯ ಮೇಲೆ ಕೂತಿದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ನಡುವೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಮಸಾಲೆ ಅರೆಯುವ ಕೆಲಸ ವಾರಕ್ಕೊಮ್ಮೆ ಹೆಂಡತಿಗೆ ರಜೆಯಿದ್ದ ದಿನ, ಅರೆದದ್ದು ಫ್ರಿಜ್ಜಿಗೆ. ದೋಸೆ ಹಿಟ್ಟಿಗೆ ಗ್ರೈಂಡರ್ ಇದೆ. ಅದರ ಸದ್ದು ಗುರ್ರೆಂದು ಒಂದೇ ಸಮ, ಬಾಗಿಲು ಹಾಕಿಕೊಂಡರೆ ತಡೆಯಬಹುದು. ಕಡುಬಿಟ್ಟಿನ ಅಕ್ಕಿತರಿ ಮಿಲ್ಲಿನಿಂದಲೇ ತರಿಸುತ್ತೇವೆ, ತರಲು ನಾನಂತೂ ಹೋಗುವುದಿಲ್ಲ. ಒಗ್ಗರಣೆಗೆ ಸಾಸಿವೆ ಹಾಕುವ ಮೊದಲೇ ಮುಚ್ಚಳ ಕೈಯಲ್ಲಿರಬೇಕು.

ಸದ್ದು ಬರುವ ಮುಂಚೆ ಎಚ್ಚರಿಸಲು ಮೊದಮೊದಲು ಮನೆಯವರೆಲ್ಲ ಕೂಗಿ ಹೇಳುತ್ತಿದ್ದರು, ಆ ಕೂಗೇ ನೋವು. ಈಗ ಲೈಟ್ ಒಮ್ಮೆ ಆರಿಸಿ ಹಾಕುತ್ತಾರೆ. ನಾನು ಮಫ್ ಹಾಕಿಕೊಂಡು ತಲೆಯಾಡಿಸಿದ ಮೇಲೆ ಮಿಕ್ಸಿ, ವಾಷಿಂಗ್ ಮೆಷೀನಿನ ಸ್ಪಿನ್, ಕೊಬ್ಬರಿ ಒಡೆಯುವುದು, ಏನೇ ಇರಲಿ. ಮಫ್ ಅಂದರೆ ವೀಡ್ ಕಟರ್ ಹಿಡಿಯುವವರು ಕಿವಿಗೆ ಹಾಕುತ್ತಾರಲ್ಲ, ಅದೇ. ತೋಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ಈ ಮಫ್ ವಿಚಾರದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹೇಳಿದ ಮಾತು ತುಂಬಾ ಉಪಯೋಗಕ್ಕೆ ಬಂತು. ಇಡೀ ದಿನ ಕಿವಿ ಮುಚ್ಚಿಕೊಂಡೇ ಇದ್ದರೆ ಮಿದುಳು ಸದ್ದಿಗೆ ಬರಗೆಟ್ಟು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ, ಆಮೇಲೆ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಹಾಗಾಗಿ ಮಫ್ ಆ ಕೆಲಸದ ಹೊತ್ತಿಗೆ ಮಾತ್ರ, ಮುಗಿದ ಕೂಡಲೇ ಗೂಟಕ್ಕೆ. ಉಳಿದ ಹೊತ್ತು ಕಿವಿಗೆ ಹಿತವಾಗುವಷ್ಟು ಮೆಲ್ಲಗಿನ ಸದ್ದು ಇರಬೇಕು. ನಾನು ಬೆಳಿಗ್ಗೆ ತೋಡಿನ ಕಡೆಯ ಕಿಟಕಿ ತೆರೆದಿಡುತ್ತೇನೆ. ನೋವು ಜಾಸ್ತಿ ಇರುವ ದಿನ ಅದನ್ನೂ ಮುಚ್ಚುತ್ತೇನೆ. ಅಭ್ಯಾಸ ಮಾಡಿಕೊಳ್ಳಬೇಕು ಅಂತ ನೋವನ್ನು ಹಲ್ಲು ಕಚ್ಚಿ ಸಹಿಸುವುದು ನನ್ನಂಥವರಿಗೆ ಆಗುವ ಮಾತಲ್ಲ, ಮರುದಿನಕ್ಕೆ ಬಡ್ಡಿ ಸಮೇತ ತೆರಬೇಕಾಗುತ್ತದೆ.

ಮಳೆಯ ಬಗ್ಗೆ ಕೇಳುವವರಿದ್ದಾರೆ. ಹೆಂಚಿನ ಮೇಲೆ ಬೀಳುವ ಕಕ್ಕಡ ಮಾಸದ (ನಮ್ಮ ಕಡೆಯ ಆಟಿ ತಿಂಗಳು) ಮಳೆ ನನಗೆ ಔಷಧಿಯೇ, ಒಂದೇ ಹದದ ಸದ್ದು. ಹಿಂದಿನ ಶೀಟಿನ ಚಾವಡಿ ಮಾತ್ರ ಬೇಡ. ಜೂನ್‌ನಿಂದ ಬಟ್ಟೆ ಒಗೆಯುವುದನ್ನು ಅಲ್ಲಿಂದ ಒಳಗೆ ತಂದೆ. ಜೋರು ಮಳೆಯಲ್ಲಿ ತೊಂದರೆ ಮಳೆಯದ್ದಲ್ಲ, ಅದರ ಮೇಲೆ ಕೇಳಿಸಲಿ ಅಂತ ಮನೆಯವರು ಕಿರುಚಿ ಮಾತಾಡುವುದರದ್ದು. ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯಿರಿ ಅಂತ ಹೇಳಿದ್ದೇನೆ, ಅವ್ವ ಬರೆಯುವುದಿಲ್ಲ, ಹತ್ತಿರ ಬಂದು ಸೆರಗು ಬೀಸುತ್ತಾರೆ.

ನನ್ನ ಕೈಯಲ್ಲಿ ಇಲ್ಲದ್ದೂ ಇದೆ. ರಾತ್ರಿ ಆನೆ ಓಡಿಸಲು ಪಟಾಕಿ ಸಿಡಿಸುತ್ತಾರೆ, ಅದಕ್ಕೆಂದು ದಿಂಬಿನ ಪಕ್ಕ ಇನ್ನೊಂದು ಮಫ್. ಹುತ್ತರಿ ಸುಗ್ಗಿಹಬ್ಬದಲ್ಲಿ ಕದಿರು ತೆಗೆಯುವಾಗ ಕುಶಾಲುತೋಪು, ಅಂದರೆ ಸಂಭ್ರಮದ ಗುಂಡು, ಹಾರಿಸದೆ ಇರಲಾಗುತ್ತದೆಯೇ? ನಾನು ಗದ್ದೆಗೆ ಹೋಗುವುದಿಲ್ಲ, ಮನೆಯಲ್ಲಿ ತಂಬಿಟ್ಟಿನ ಕೆಲಸ ನೋಡಿಕೊಳ್ಳುತ್ತೇನೆ. ಮೊದಮೊದಲು ಇವನಿಗೆ ಸೊಕ್ಕು ಅಂದರು, ಈಗ ಹೊತ್ತು ನೋಡಿ ಫೋನ್ ಮಾಡಿ ಹೇಳಿಯೇ ಹಾರಿಸುತ್ತಾರೆ.

ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು. ಕಿವಿಯ ಕೆಲವು ಪರೀಕ್ಷೆಗಳಲ್ಲಿ, ಮುಖ್ಯವಾಗಿ ಮಧ್ಯಕಿವಿಯ ಆ ಪುಟ್ಟ ಸ್ನಾಯು ಸದ್ದಿಗೆ ಬಿಗಿಯಾಗುತ್ತದೆಯೇ ಅಂತ ನೋಡುವಾಗ, 100 ಡೆಸಿಬಲ್ ಹತ್ತಿರದ ಸದ್ದು ಕಿವಿಗೇ ಬಿಡುತ್ತಾರೆ. ಎಂಆರ್‌ಐ ಯಂತ್ರದ ಸದ್ದು ಅದಕ್ಕೂ ಮೇಲೆ. ಸದ್ದಿನಿಂದ ನೋವಾಗುತ್ತದೆ ಅಂತ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ, ಆ ಪರೀಕ್ಷೆ ಈಗಲೇ ಬೇಕಾ ಅಂತ ಕೇಳಿ. ಎಂಆರ್‌ಐ ತಪ್ಪಿಸಲಾಗದಿದ್ದರೆ ಪ್ಲಗ್, ಅದರ ಮೇಲೆ ಅವರೇ ಕೊಡುವ ಮಫ್, ಎರಡೂ ಹಾಕಿಸಿಕೊಳ್ಳಿ. ತೋಟದ ಮಫ್ ಅಲ್ಲಿಗೆ ಒಯ್ಯಬೇಡಿ, ಅದರಲ್ಲಿ ಕಬ್ಬಿಣ ಇರುತ್ತದೆ.